ಊರು ಬಿಟ್ಟು ಬಂದವರ ಮನಸ್ಸು, ನಿದ್ದೆ ಮತ್ತು ಕುಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಊರು ಬಿಟ್ಟು ಬೇರೆ ಜಾಗದಲ್ಲಿ ನೆಲೆ ನಿಂತವರು ಒಂದೇ ಬಗೆಯವರಲ್ಲ. 2009ರ ಮತ್ತು 2020ರ ಭೀಮಾ ನೆರೆಯಲ್ಲಿ ಮನೆ ಕಳೆದುಕೊಂಡವರಿದ್ದಾರೆ. ಕಾರಂಜಾ, ಬೆಣ್ಣೆತೊರಾ ಜಲಾಶಯಗಳಿಗೆ ಹೊಲ ಬಿಟ್ಟುಕೊಟ್ಟವರೂ ಅವರ ಮಕ್ಕಳೂ ಇದ್ದಾರೆ. ಗುಳೆ ಹೋಗಿ, ಪುಣೆ, ಮುಂಬೈ, ಬೆಂಗಳೂರುಗಳ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಬದುಕಿ, ಮರಳಿ ಬಂದು ತಾಂಡಾದ ಅಂಚಿನಲ್ಲಿ ಮತ್ತೆ ಸಂಸಾರ ಹೂಡಿದವರಿದ್ದಾರೆ. ಇಂಥ ಕುಟುಂಬಗಳ ನಡುವೆ ಆಪ್ತಸಮಾಲೋಚನೆಯ ಕೆಲಸ ಮಾಡುವಾಗ ಅಂಗನವಾಡಿಯ ಕಟ್ಟೆಯ ಮೇಲೆ, ಆಸ್ಪತ್ರೆಯ ಸರದಿಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.

ಆರಂಭದ ಪ್ರಶ್ನೆಗಳು

“ನಮಗ ‘ನಿರಾಶ್ರಿತರು’ ಅಂತ ಬರೀತಾರ. ನಾವೇನು ಬ್ಯಾರೆ ದೇಶದಿಂದ ಬಂದೀವೇನ್ರಿ?”

ಇಲ್ಲ. ಯುದ್ಧಕ್ಕೋ ಕಿರುಕುಳಕ್ಕೋ ಹೆದರಿ ದೇಶದ ಗಡಿ ದಾಟಿದವರ ರಕ್ಷಣೆಗೆಂದು 1951ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದಕ್ಕೆ ಭಾರತ ಸಹಿ ಹಾಕಿಲ್ಲ. ಆ ಅರ್ಥದ ನಿರಾಶ್ರಿತರನ್ನು ನೋಡಬೇಕೆಂದರೆ ನಮಗೆ ದೂರ ಹೋಗಬೇಕಿಲ್ಲ, ಪಕ್ಕದ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ, ಇಂದಿನ ಬಾಂಗ್ಲಾದೇಶದಿಂದ ಬಂದವರ ಬಂಗಾಲಿ ಕ್ಯಾಂಪುಗಳಿವೆ. ತಮ್ಮ ದೇಶದೊಳಗೇ ನೆಲೆ ತಪ್ಪಿದವರ ವಿಷಯದಲ್ಲಿ ಸರ್ಕಾರಗಳು ಹೇಗೆ ನಡೆದುಕೊಳ್ಳಬೇಕು ಎಂಬ ಮಾರ್ಗದರ್ಶಿ ತತ್ವಗಳನ್ನು ವಿಶ್ವಸಂಸ್ಥೆ 1998ರಲ್ಲಿ ಹೊರತಂದಿತು. ನೆರೆ ಸಂತ್ರಸ್ತರು, ಯೋಜನೆಗಳಿಗೆ ಭೂಮಿ ಬಿಟ್ಟುಕೊಟ್ಟವರು ಅದರೊಳಗೆ ಬರುತ್ತಾರೆ. ಕಚೇರಿಯ ಕಾಗದದಲ್ಲಿ ಈ ವ್ಯತ್ಯಾಸ ಮುಖ್ಯ. ಆದರೆ ಬಾವಿ, ಗುಡಿ, ನೆರೆಮನೆ, ಕೆಲಸ ಎಲ್ಲವೂ ಒಟ್ಟಿಗೇ ಕೈತಪ್ಪಿದಾಗ ಮನಸ್ಸಿಗೆ ಆಗುವ ಪೆಟ್ಟು ಇಬ್ಬರಲ್ಲೂ ಬಹುಮಟ್ಟಿಗೆ ಒಂದೇ ಬಗೆಯದು. ಆದ್ದರಿಂದಲೇ ನಿರಾಶ್ರಿತರ ಶಿಬಿರಗಳಲ್ಲಿ ಕಲಿತ ಪಾಠಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ.

“ಮನಿ ಕೊಟ್ಟಾರ, ರೊಕ್ಕಾನೂ ಕೊಟ್ಟಾರ. ಆದ್ರೂ ನಮ್ಮ ಮುತ್ಯಾ ಮಾತಾಡ್ದೆ ಸುಮ್ನ ಕುಂದುರ್ತಾನ. ಯಾಕ ಹಿಂಗ?”

ಮನೆಗೆ ಪರಿಹಾರ ಕೊಡಬಹುದು. ದಿನಚರಿಗೆ ಪರಿಹಾರ ಕೊಡುವ ಕಚೇರಿ ಯಾವುದೂ ಇಲ್ಲ. ಪುನರ್ವಸತಿ ಕಾಲೊನಿಯೊಂದರಲ್ಲಿ ನಾನು ಕಂಡ ಒಬ್ಬ ಹಿರಿಯರು ನಸುಕಿನಲ್ಲಿ ಎದ್ದು, ಬಾಗಿಲ ಪಕ್ಕದ ಗೋಡೆಯ ಕಡೆಗೆ ಕೈ ಚಾಚಿ, ಅರೆಕ್ಷಣ ಹಾಗೆಯೇ ನಿಂತು, ಕೈ ಇಳಿಸುತ್ತಿದ್ದರು. ಹಳೆಯ ಮನೆಯಲ್ಲಿ ಆ ಜಾಗದಲ್ಲಿ ಒಂದು ಗೂಟವಿತ್ತು, ಗೂಟಕ್ಕೆ ಎತ್ತಿನ ಹಗ್ಗ ತೂಗುತ್ತಿತ್ತು. ಎತ್ತುಗಳನ್ನು ಮಾರಿ ಒಂದು ವರ್ಷ ಕಳೆದಿತ್ತು. ಹೊಸ ಮನೆಯ ಗೋಡೆ ಸಿಮೆಂಟಿನದು, ಗೂಟ ಹೊಡೆಯಲು ಬರುವಂತಿರಲಿಲ್ಲ. ಅವರ ಸೊಸೆ ಇದನ್ನು ಅರಳುಮರಳು ಎಂದುಕೊಂಡಿದ್ದರು. ಅರವತ್ತು ವರ್ಷ ರೂಢಿಯಾದ ಕೆಲಸವನ್ನು ಕೈ ಇನ್ನೂ ಹುಡುಕುತ್ತಿತ್ತು, ಅಷ್ಟೆ.

2009ರ ನೆರೆಯ ಬಳಿಕ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಹೊಸ ಮನೆಗಳನ್ನು ಕಟ್ಟಿಕೊಟ್ಟಾಗ ದನ ಕಟ್ಟಲು, ಮೇವು ಒಟ್ಟಲು, ಕಾಳು ತುಂಬಿಡಲು ಜಾಗವಿಲ್ಲ ಎಂಬ ದೂರು ಅನೇಕ ಕಡೆ ಕೇಳಿಬಂತು. ಹಳೆಯ ಊರಿಗೇ ಮರಳಿ ಹೋದ ಕುಟುಂಬಗಳೂ ಇದ್ದವು. ಹಿರಿಯರ ಮೌನವನ್ನು ಮೊದಲ ಕೆಲವು ತಿಂಗಳು ಕಾಯಿಲೆ ಎಂದು ಕರೆಯುವ ಆತುರ ಬೇಡ. ಒಂದು ಆಡನ್ನಾದರೂ ಸಾಕಲು ಕೊಡಿ, ಹಳೆಯ ಓಣಿಯವರು ಸಂಜೆ ಒಂದೆಡೆ ಕೂಡುವಂತೆ ಒಂದು ಕಟ್ಟೆ ಕಟ್ಟಿಸಿ. ಊಟ ಬಿಟ್ಟರೆ, ಮಲಗಿದಲ್ಲಿಂದ ಏಳದಿದ್ದರೆ, ಸಾವಿನ ಮಾತು ಆಡಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು.

“ಇದು ದುಃಖನೋ, ಬ್ಯಾನಿನೋ? ಹ್ಯಾಂಗ ತಿಳ್ಕೋಬೇಕು?”

ದುಃಖ ಅಲೆಯಂತೆ ಬಂದು ಹೋಗುತ್ತದೆ. ನಡುನಡುವೆ ಮೊಮ್ಮಗುವಿನ ಆಟಕ್ಕೆ ನಗು ಬರುತ್ತದೆ, ಎಳ್ಳಮಾಸಿಯ ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕು ಅನ್ನಿಸುತ್ತದೆ. ಖಿನ್ನತೆಯಲ್ಲಿ ಆ ಬಿಡುವು ಇರುವುದಿಲ್ಲ. ಎರಡು ವಾರಗಳ ಕಾಲ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿರುವುದು, ಇಷ್ಟದ ಕೆಲಸವೂ ಬೇಡವಾಗುವುದು, ನಿದ್ದೆ ಮತ್ತು ಹಸಿವು ಕೆಡುವುದು, ‘ನಾನು ಇದ್ದೂ ಉಪಯೋಗವಿಲ್ಲ’ ಎಂಬ ಮಾತು ಬಾಯಿಗೆ ಬರುವುದು, ಮತ್ತು ಇವುಗಳಿಂದ ದುಡಿಮೆ, ಅಡುಗೆ, ಮಕ್ಕಳ ಆರೈಕೆ ನಿಂತುಹೋಗುವುದು ಚಿಕಿತ್ಸೆ ಬೇಕೆಂಬುದರ ಗುರುತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಸಂಘರ್ಷದ ಪ್ರದೇಶಗಳಲ್ಲಿ ಬದುಕುವವರಲ್ಲಿ ಶೇ 22.1ರಷ್ಟು, ಎಂದರೆ ಸುಮಾರು ಐವರಲ್ಲಿ ಒಬ್ಬರಿಗೆ, ಯಾವುದಾದರೊಂದು ಮಾನಸಿಕ ಕಾಯಿಲೆ ಇರುತ್ತದೆ. ಇದು ಯುದ್ಧಪೀಡಿತರ ಲೆಕ್ಕ, ನಮ್ಮ ಹಿನ್ನೀರಿನ ಊರುಗಳದ್ದಲ್ಲ. ಆದರೂ ಅದನ್ನು ಇಲ್ಲಿ ಹೇಳಲು ಕಾರಣವಿದೆ: ಅಂಥ ಭೀಕರ ಸ್ಥಿತಿಯಲ್ಲೂ ಉಳಿದ ನಾಲ್ವರು ದುಃಖಪಡುತ್ತಾರೆ, ಕಾಯಿಲೆ ಬೀಳುವುದಿಲ್ಲ.

“ಎಲ್ಲಾ ಟೆಸ್ಟ್ ಮಾಡಿ ಏನೂ ಇಲ್ಲ ಅಂದ್ರು. ಆದ್ರ ಎದಿ ಉರೀತದ, ತಲಿ ಭಾರ, ಕೈಕಾಲಾಗ ಕಸುವಿಲ್ಲ.”

‘ಏನೂ ಇಲ್ಲ’ ಎಂಬ ಮಾತಿಗೆ ರಕ್ತದಲ್ಲಿ, ಇಸಿಜಿಯಲ್ಲಿ ಏನೂ ಕಾಣಲಿಲ್ಲ ಎಂದಷ್ಟೇ ಅರ್ಥ. ನಿಮ್ಮ ನೋವು ಸುಳ್ಳೆಂದು ಅಲ್ಲ. ಮನಸ್ಸಿನ ಭಾರವನ್ನು ನಮ್ಮವರು, ಅದರಲ್ಲೂ ಹೆಣ್ಣುಮಕ್ಕಳು, ಮೈಯ ಮಾತಿನಲ್ಲೇ ಹೇಳಿಕೊಳ್ಳುತ್ತಾರೆ. ಮುಂದಿನ ಸಲ ವೈದ್ಯರ ಬಳಿಗೆ ಹೋದಾಗ ಎದೆಯುರಿಯ ಜೊತೆಗೆ ನಿದ್ದೆ ಯಾವಾಗಿನಿಂದ ಹೋಯಿತು, ಯಾವ ಮನೆಯಿಂದ ಯಾವ ಮನೆಗೆ ಬಂದಿರಿ ಎಂಬುದನ್ನೂ ತಿಳಿಸಿ. ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಎರಡು ದಿನ ಹಗುರಾಗಿ ಮತ್ತೆ ಅದೇ ಸರದಿಯಲ್ಲಿ ನಿಲ್ಲುವುದು ಹಣಕ್ಕೂ ದಂಡ.

“ಮಳಿ ಶುರುವಾತಂದ್ರ ನಮ್ಮ ಹುಡುಗಿ ಚೀರ್ತಾಳ, ಹಾಸಿಗ್ಯಾಗ ಉಚ್ಚಿ ಮಾಡ್ಕೋತಾಳ. ಬೈದ್ರೂ ಬಿಡವಲ್ಲಳು.”

ರಾತ್ರೋರಾತ್ರಿ ಮನೆಗೆ ನೀರು ನುಗ್ಗಿದ್ದನ್ನು ಕಂಡ ಮಗುವಿಗೆ ಮಳೆಯ ಸದ್ದು ಆ ರಾತ್ರಿಯನ್ನೇ ಮರಳಿ ತರುತ್ತದೆ. ಬೈಗುಳ ಹೆದರಿಕೆಯನ್ನು ಹೆಚ್ಚಿಸುತ್ತದೆಯೇ ಹೊರತು ಹಾಸಿಗೆಯನ್ನು ಒಣಗಿಸುವುದಿಲ್ಲ. ಮಳೆ ಬಂದಾಗ ಪಕ್ಕದಲ್ಲಿ ಕುಳಿತುಕೊಳ್ಳಿ. ಈ ಮನೆ ಎತ್ತರದಲ್ಲಿದೆ, ನೀರು ಇಲ್ಲಿಗೆ ಬರುವುದಿಲ್ಲ ಎಂದು ಹೇಳಿ, ಆದರೆ ಅದು ನಿಜವಾಗಿದ್ದರೆ ಮಾತ್ರ. ಊಟ, ಶಾಲೆ, ಆಟ, ಮಲಗುವ ವೇಳೆಗಳನ್ನು ತಪ್ಪದಂತೆ ಇಟ್ಟರೆ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಒಂದು ತಿಂಗಳು ದಾಟಿದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ನದಿಯ ಕಡೆ ಹೋಗಲು ಒಪ್ಪದಿರುವುದು ಮುಂದುವರಿದರೆ ಮನೋವೈದ್ಯರ ಸಲಹೆ ಬೇಕು. ಅಂದು ಏನಾಯಿತೆಂದು ಬಂದುಹೋದವರೆಲ್ಲ ಮಗುವಿನ ಬಾಯಿ ಬಿಡಿಸುವುದು ಒಳ್ಳೆಯದಲ್ಲ. ದೊಡ್ಡವರ ವಿಷಯದಲ್ಲೂ ಹೀಗೆ ಒತ್ತಾಯದಿಂದ ಕಥೆ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ.

ಕುಡಿತ ಮತ್ತು ಇತರ ನಶೆಗಳು

“ಮೊದಲ ಹಬ್ಬಕ್ಕೊಮ್ಮಿ ಕುಡೀತಿದ್ರು. ಇಲ್ಲಿ ಬಂದ ಮ್ಯಾಲ ದಿನಾ ಕುಡೀತಾರ. ಕೇಳಿದ್ರ, ನಿದ್ದಿ ಬರಲ್ಲ ಅಂತಾರ. ಇದು ನೆವ ಹೌದಲ್ಲೋ?”

ಬಹಳ ಸಲ ಅದು ನೆವವಲ್ಲ. ಈ ಕೆಲಸದಲ್ಲಿ ನನಗೆ ಮನದಟ್ಟಾದ ಒಂದು ಸಂಗತಿಯಿದ್ದರೆ ಅದು ಇದು: ನೆಲೆ ತಪ್ಪಿದವರ ಮನೆಯಲ್ಲಿ ‘ಎಂದಿನಿಂದ ಕುಡಿಯುತ್ತಾನೆ’ ಎಂದು ಕೇಳುವ ಮೊದಲು ‘ಎಂದಿನಿಂದ ನಿದ್ದೆ ಹೋಗಿದೆ’ ಎಂದು ಕೇಳಬೇಕು. ಎರಡನೆಯ ಪ್ರಶ್ನೆಗೆ ಸಿಗುವ ತಾರೀಖು ಸಾಮಾನ್ಯವಾಗಿ ಹಿಂದಿನದು. ಮೊದಲು ನಿದ್ದೆ ಹೋಗಿರುತ್ತದೆ, ಆಮೇಲೆ ಕೆಲಸ, ಆಮೇಲೆ ಬಾಟಲಿ ಬಂದಿರುತ್ತದೆ.

ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ ಎಂಬುದು ನಿಜ. ಆದರೆ ಮೂರ್ನಾಲ್ಕು ತಾಸಿನಲ್ಲಿ ಅದರ ಅಮಲು ಇಳಿಯುತ್ತಿದ್ದಂತೆ ಮೆದುಳು ಎದುರುಬಿದ್ದು, ನಡುರಾತ್ರಿ ಎದೆ ಬಡಿದುಕೊಂಡು ಎಚ್ಚರವಾಗುತ್ತದೆ. ಮರುದಿನ ಮೈ ಜಡ, ಮನಸ್ಸು ಇನ್ನಷ್ಟು ಕುಗ್ಗಿದ ಸ್ಥಿತಿ. ಸಂಜೆಗೆ ಮತ್ತೆ ಅದೇ ಮದ್ದು, ಸ್ವಲ್ಪ ಹೆಚ್ಚು ಅಳತೆಯಲ್ಲಿ. ನಿದ್ದೆಗೆಂದು ಹಿಡಿದದ್ದೇ ನಿದ್ದೆಯನ್ನು ಪೂರ್ತಿ ಕೆಡಿಸುತ್ತದೆ. ಆದ್ದರಿಂದ ಖಿನ್ನತೆಯನ್ನೂ ಕುಡಿತವನ್ನೂ ಒಟ್ಟಿಗೇ ನೋಡಿಕೊಳ್ಳಬೇಕು. ‘ಮೊದಲು ಕುಡಿಯುವುದನ್ನು ಬಿಟ್ಟು ಬಾ, ಆಮೇಲೆ ಮನಸ್ಸಿನ ಮಾತು’ ಎಂದು ಹಿಂದಕ್ಕೆ ಕಳಿಸುವುದು, ಜ್ವರ ಇಳಿದ ಮೇಲೆ ಔಷಧಿಗೆ ಬಾ ಎಂದಂತೆ. ಹೀಗೆಂದ ಮಾತ್ರಕ್ಕೆ ಹೆಂಡತಿಯ ಮೇಲೆ ಕೈಮಾಡುವುದಕ್ಕೆ ನಿದ್ರಾಹೀನತೆ ಸಮಜಾಯಿಷಿಯಾಗುವುದಿಲ್ಲ; ಹೊಡೆತವಿದ್ದಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದೇ ಮೊದಲ ಹೆಜ್ಜೆ.

“ಒಂದ್ ನೈಂಟಿ ಕುಡದ್ರ ಏನಾಗ್ತದ್ರಿ? ಎಷ್ಟರ ಮ್ಯಾಲ ಅದು ಚಟ?”

ಲೆಕ್ಕ ಹಾಕೋಣ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರ ಇರುತ್ತದೆ. 90 ಮಿ.ಲೀ. ಪಾಕೀಟಿನಲ್ಲಿ ಶುದ್ಧ ಮದ್ಯಸಾರ ಸುಮಾರು 30 ಗ್ರಾಂ, 180ರ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. 10 ಗ್ರಾಮನ್ನು ಒಂದು ಅಳತೆ ಎಂದು ಹಿಡಿದರೆ, ‘ಒಂದೇ ಒಂದು’ ಎನ್ನುವ ನೈಂಟಿ ನಿಜವಾಗಿ ಮೂರು. 650 ಮಿ.ಲೀ. ಸ್ಟ್ರಾಂಗ್ ಬಿಯರ್ ಶೇ 8ರದ್ದಾದರೆ ನಾಲ್ಕು. ಆರೋಗ್ಯಕ್ಕೆ ಅಪಾಯವೇ ಇಲ್ಲದ ಪ್ರಮಾಣ ಎಂಬುದು ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು.

ಚಟವಾಗಿದೆಯೇ ಎಂದು ತಿಳಿಯಲು ವೈದ್ಯರು ಬಹುಕಾಲದಿಂದ ಬಳಸುವ ನಾಲ್ಕು ಸರಳ ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಎಂದು ಎಂದಾದರೂ ಅನ್ನಿಸಿದೆಯೇ? ಕುಡಿತದ ಬಗ್ಗೆ ಯಾರಾದರೂ ಮಾತೆತ್ತಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ಒಳಗೊಳಗೇ ತಪ್ಪು ಮಾಡಿದೆನೆನ್ನಿಸಿದೆಯೇ? ಬೆಳಿಗ್ಗೆ ಎದ್ದು ಕೈನಡುಕ ನಿಲ್ಲಿಸಲು ಮತ್ತೆ ಕುಡಿಯಬೇಕಾಗಿದೆಯೇ? ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣಬೇಕು. ನಾಲ್ಕನೆಯದಕ್ಕೆ ಹೌದು ಎಂದಾದರೆ ಮುಂದೆ ‘ಒಮ್ಮೆಲೇ ಬಿಡುವುದು’ ಕುರಿತ ಉತ್ತರವನ್ನು ತಪ್ಪದೆ ಓದಿ.

“ಪರಿಹಾರದ ರೊಕ್ಕ ಖಾತೆಕ್ಕ ಬಿತ್ತು. ಆರು ತಿಂಗಳಾಗ ಎಲ್ಲಾ ಉಡಾಯಿಸಿದ. ಹಿಂಗ ಆಗದಂಗ ಏನ್ ಮಾಡಬೇಕಿತ್ತು?”

ಜೀವಮಾನದಲ್ಲಿ ಕಂಡಿರದ ಮೊತ್ತ ಒಮ್ಮೆಗೇ ಕೈಗೆ ಬರುತ್ತದೆ. ಹೊಲವಿಲ್ಲದ್ದರಿಂದ ದಿನ ಖಾಲಿ ಇರುತ್ತದೆ. ಎಂದೂ ಮಾತಾಡಿಸದಿದ್ದವರು ‘ಕಾಕಾ, ಮಾಮಾ’ ಎನ್ನುತ್ತ ಮೋಟಾರ್‌ಸೈಕಲ್ ಮೇಲೆ ಧಾಬಾಕ್ಕೆ ಕರೆದೊಯ್ಯುತ್ತಾರೆ. ಈ ಮೂರೂ ಕೂಡಿದಾಗ ಹಿಂದೆ ಎಂದೂ ಕುಡಿಯದವರೂ ಜಾರುತ್ತಾರೆ. ತಿಂಗಳಿನ ಕೊನೆಗೆ ಆ ಗೆಳೆಯರಲ್ಲಿ ಯಾರೂ ಉಳಿದಿರುವುದಿಲ್ಲ, ಬಾಕಿ ಚೀಟಿ ಮಾತ್ರ ಉಳಿದಿರುತ್ತದೆ.

ಹಣ ಬರುವ ಮೊದಲೇ ಗಂಡಹೆಂಡಿರ ಜಂಟಿ ಖಾತೆ ತೆರೆದು, ಇಬ್ಬರ ಸಹಿಯಿಲ್ಲದೆ ತೆಗೆಯಲಾಗದಂತೆ ಬ್ಯಾಂಕಿನಲ್ಲಿ ಬರೆದುಕೊಡಬಹುದು. ದೊಡ್ಡ ಪಾಲನ್ನು ಠೇವಣಿಯಲ್ಲಿಟ್ಟು ಬಡ್ಡಿ ಮಾತ್ರ ತಿಂಗಳು ತಿಂಗಳು ಬರುವಂತೆ ಮಾಡಬಹುದು. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯ್ದೆ ಭೂಮಿಯ ಬೆಲೆಯ ಜೊತೆಗೆ ಪುನರ್ವಸತಿ ಮತ್ತು ಪುನರ್ನೆಲೆಯನ್ನೂ ಹಕ್ಕಾಗಿ ಹೇಳುತ್ತದೆ; ನಗದನ್ನಷ್ಟೇ ಎಣಿಸಿ ಸಹಿ ಹಾಕಬೇಡಿ, ಉಳಿದ ಸೌಲಭ್ಯಗಳನ್ನೂ ಕೇಳಿ. ಪರಿಹಾರ ವರ್ಷಗಟ್ಟಲೆ ಬಾರದೆ ಕಚೇರಿಗೆ ಅಲೆಯುವವರ ಮನಸ್ಸೂ ಇದೇ ರೀತಿ ಸವೆಯುತ್ತದೆ. ಕೋರ್ಟಿನ ತಾರೀಖಿನ ದಿನವೇ ಹೆಚ್ಚು ಕುಡಿಯುವವರನ್ನು ಕಂಡಿದ್ದೇನೆ. ಆ ದಿನ ಜೊತೆಗೆ ಯಾರಾದರೂ ಹೋಗಿಬನ್ನಿ.

“ಸೇಂದಿ ಗಿಡದ್ದು, ತಂಪು. ಅದಕ್ಕೂ ದವಾಖಾನಿಗೆ ಹೋಗಬೇಕೇನ್ರಿ?”

ಮರದಿಂದ ಆಗಷ್ಟೇ ಇಳಿಸಿದ ಸೇಂದಿಯ ಮಾತು ಬೇರೆ. ಗುರುಮಠಕಲ್, ಸೇಡಂ, ಚಿಂಚೋಳಿ ಕಡೆಯ ತೆಲಂಗಾಣ ಗಡಿಯಲ್ಲಿ ಜನ ಹೆದರಬೇಕಾದದ್ದು ‘ಸಿ.ಎಚ್. ಪೌಡರ್’ ಬೆರೆಸಿದ ಸೇಂದಿಗೆ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, ಮಂಪರು ತರುವ ರಾಸಾಯನಿಕ; ಡಯಾಜೆಪಾಂ, ಆಲ್ಪ್ರಜೋಲಂ ಎಂಬ ಗುಳಿಗೆಗಳ ಪುಡಿಯನ್ನೂ ಬೆರೆಸುತ್ತಾರೆ. ಇಂಥದ್ದನ್ನು ದಿನವೂ ಕುಡಿದವರಿಗೆ ಅದು ಒಮ್ಮೆಲೇ ಸಿಗದಂತಾದರೆ ನಾಲಗೆ ತೊದಲಿ, ಇಲ್ಲದ್ದು ಕಂಡು, ಫಿಟ್ಸ್ ಬರುತ್ತದೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ದಾಳಿಗಳು ನಡೆದಾಗ ಹೀಗೆಯೇ ಜನ ಗುಂಪುಗುಂಪಾಗಿ ಆಸ್ಪತ್ರೆ ಸೇರಿದರು. ವೈದ್ಯರಿಗೆ ‘ಕುಡಿಯುತ್ತಾನೆ’ ಎಂದಷ್ಟೇ ಹೇಳದೆ ‘ಸೇಂದಿ ಕುಡಿಯುತ್ತಾನೆ’ ಎಂದೇ ಹೇಳಿ. ಚಿಕಿತ್ಸೆ ಅದರ ಮೇಲೆ ಬದಲಾಗುತ್ತದೆ.

“ಹೆಣ್ಮಕ್ಕಳು ಹಲ್ಲಿಗೆ ಮಿಶ್ರಿ ಹಚ್ಕೋತಾರ. ಅದೂ ನಶಾನೇನು?”

ಹೌದು. ಸುಟ್ಟು ಪುಡಿ ಮಾಡಿದ ತಂಬಾಕೇ ಮಿಶ್ರಿ. ಮಹಾರಾಷ್ಟ್ರದ ಗಡಿಗೆ ತಾಗಿದ ನಮ್ಮ ಹಳ್ಳಿಗಳಲ್ಲಿ ಅದನ್ನು ಹಲ್ಲುಜ್ಜುವ ಪುಡಿಯಂತೆ ಕಾಣುತ್ತಾರೆ. ಬಸುರಿಯರಲ್ಲಿ ತಂಬಾಕು ಕೂಸಿನ ತೂಕ ಇಳಿಸುತ್ತದೆ. ದಿನಕ್ಕೆ ಎಷ್ಟು ಸಲ ಹಚ್ಚಿಕೊಳ್ಳುತ್ತೀರಿ ಎಂದು ಆಶಾ ಕಾರ್ಯಕರ್ತೆಯರು ಕೇಳಬೇಕು. ಗುಟ್ಕಾ ತಿನ್ನುತ್ತೀರಾ ಎಂದು ಕೇಳಿದರೆ ‘ಇಲ್ಲ’ ಎಂಬ ಪ್ರಾಮಾಣಿಕ ಉತ್ತರವೇ ಸಿಗುತ್ತದೆ.

“ನಮ್ಮ ಹುಡುಗ ಪಂಕ್ಚರ್ ಸೊಲ್ಯೂಷನ್ ವಾಸನಿ ತಗೋತಾನಂತ ಮಾಸ್ತರು ಅಂದ್ರು.”

ಶಾಲೆ ಬದಲಾಗಿ ಗೆಳೆಯರು ತಪ್ಪಿದ, ತಂದೆತಾಯಿ ಬೆಳಗಿನಿಂದ ಸಂಜೆಯವರೆಗೆ ಕೂಲಿಗೆ ಹೋಗುವ ಮನೆಗಳ ಹುಡುಗರಿಗೆ ಇದು ಬೇಗ ಅಂಟುತ್ತದೆ, ಏಕೆಂದರೆ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳೇ ಹೆಚ್ಚಿನ ಪ್ರಮಾಣದಲ್ಲಿ ಬಳಸುವ ನಶೆ ಇದೊಂದೇ ಎಂದು ಕಂಡುಬಂತು: 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಈ ದ್ರಾವಣಗಳ ಆವಿ ಹೃದಯದ ಬಡಿತವನ್ನು ತಪ್ಪಿಸಿ ಹಠಾತ್ತನೆ ಜೀವ ತೆಗೆಯಬಲ್ಲದು. ಆದ್ದರಿಂದ ವಾಸನೆ ತೆಗೆದುಕೊಳ್ಳುವಾಗ ಕಂಡರೆ ಬೆನ್ನಟ್ಟಿ ಹೊಡೆಯಲು ಹೋಗಬೇಡಿ. ಆಗಿನ ಓಟ ಮತ್ತು ಗಾಬರಿಯೇ ಅಪಾಯ. ಅಂಗಿಯಲ್ಲಿ ವಾಸನೆ, ಬಾಯಿಯ ಸುತ್ತ ಗುಳ್ಳೆ, ಕೆಂಪುಗಣ್ಣು ಇದ್ದರೆ ಸಮಾಧಾನದಿಂದ ಮಾತಾಡಿಸಿ, ಮಕ್ಕಳ ಅಥವಾ ಮನೋರೋಗ ತಜ್ಞರ ಬಳಿ ಕರೆದೊಯ್ಯಿರಿ.

ಚಿಕಿತ್ಸೆಯ ಪ್ರಶ್ನೆಗಳು

“ದೇವರ ಮ್ಯಾಲ ಆಣಿ ಮಾಡಿ ಒಮ್ಮಿಲೇ ಬಿಟ್ಟಾನ. ಮೂರನೇ ದಿನ ಏನೇನೋ ಮಾತಾಡ್ಲಾಕ ಹತ್ಯಾನ. ದೆವ್ವ ಬಡದಂಗ ಆಗ್ಯದ.”

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ವೇಳೆಯಿದ್ದರೆ ಇದನ್ನು ಓದಿ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನದಲ್ಲೇ ಕೈನಡುಕ, ಬೆವರು, ವಾಂತಿ, ಚಡಪಡಿಕೆ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ, ಸತ್ತವರ ದನಿ ಕೇಳುತ್ತದೆ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ, ಮೈ ಸುಡುತ್ತದೆ. ಇದು ದೆವ್ವವಲ್ಲ, ಮದ್ಯಕ್ಕೆ ಒಗ್ಗಿಹೋದ ಮೆದುಳು ಅದು ಸಿಗದೆ ಕೆರಳಿದ ಸ್ಥಿತಿ, ಮತ್ತು ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುತ್ತದೆ. ತಕ್ಷಣ 108 ಕರೆಯಿರಿ.

ಆಸ್ಪತ್ರೆಯಲ್ಲಿ ಮಂಪರಿನ ಔಷಧಿಯನ್ನು ಮೊದಲು ಹೆಚ್ಚಾಗಿ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತ, ಸುಮಾರು ಒಂದು ವಾರದಲ್ಲಿ ಈ ಘಟ್ಟವನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ಜೊತೆಗೆ ಥಯಾಮಿನ್, ಎಂದರೆ ಬಿ1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ಊಟ ಬಿಟ್ಟು ಕುಡಿದವರ ಮೈಯಲ್ಲಿ ಅದು ಬರಿದಾಗಿರುತ್ತದೆ. ಕೊರತೆ ಹಾಗೆಯೇ ಉಳಿದರೆ ಕಣ್ಣು ಓಲಾಡಿ, ಕಾಲು ತಡವರಿಸಿ, ನೆನಪಿನ ಶಕ್ತಿ ಶಾಶ್ವತವಾಗಿ ಕೆಡಬಹುದು. ಆದ್ದರಿಂದ ಬರೀ ಗ್ಲೂಕೋಸ್ ಏರಿಸುವ ಕಡೆ ‘ಇವರು ದಿನಾ ಕುಡಿಯುವವರು’ ಎಂದು ನಾಚಿಕೆಪಡದೆ ಮೊದಲೇ ತಿಳಿಸಿ. ನೆರೆಯ ದಿನಗಳಲ್ಲಿ ಗಂಜಿ ಕೇಂದ್ರ ಸೇರಿದವರಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಮದ್ಯ ಸಿಗದೆ ಬಲವಂತವಾಗಿ ಬಿಟ್ಟಂತಾಗುತ್ತದೆ, ಮೂರನೆಯ ದಿನದ ಗದ್ದಲವನ್ನು ಎಲ್ಲರೂ ನೆರೆಯ ಆಘಾತ ಎಂದುಕೊಳ್ಳುತ್ತಾರೆ.

“ಊಟದಾಗ ಬೆರೆಸಿ ಕೊಡೋ ಪುಡಿ ಸಿಗ್ತದಂತ. ಅವರಿಗೆ ಗೊತ್ತಾಗಂಗಿಲ್ಲಂತ.”

ಕೊಡಬೇಡಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಎಂಬ ಔಷಧಿ ಹೊಟ್ಟೆಯಲ್ಲಿದ್ದಾಗ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಹೃದಯ, ಯಕೃತ್ತಿನ ತೊಂದರೆ ಇದ್ದವರು ಸತ್ತುಹೋಗಬಹುದು. ಅದನ್ನು ವೈದ್ಯರು ಪರೀಕ್ಷೆ ಮಾಡಿ, ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡುತ್ತಾರೆ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಎಂಬುದು ಮಾರುವವನಿಗೇ ತಿಳಿದಿರುವುದಿಲ್ಲ. ಕುಡಿಯುವ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಬೇರೆ ಗುಳಿಗೆಗಳೂ ಇವೆ.

“ಗಾಣಗಾಪುರಕ್ಕ ಕರ್ಕೊಂಡು ಹೋಗಬೇಕೋ, ದವಾಖಾನಿಗೋ?”

ಎರಡಕ್ಕೂ ಹೋಗಬಹುದು, ದವಾಖಾನೆಯನ್ನು ಮುಂದೂಡದಿದ್ದರೆ. ದತ್ತನ ಪಾದುಕೆಗೆ, ಬಂದೇನವಾಜರ ದರ್ಗಾಕ್ಕೆ, ಶರಣಬಸವೇಶ್ವರರ ಗುಡಿಗೆ ನಡೆದುಕೊಳ್ಳುವುದು ಇಲ್ಲಿಯವರ ಬದುಕಿನ ಭಾಗ. ಊರು ಕಳೆದುಕೊಂಡವರಿಗೆ ಅದು ಹಳೆಯ ಪರಿಚಿತ ಆಸರೆಯೂ ಹೌದು. ಹರಕೆಯ ಜೊತೆ ಗುಳಿಗೆ ನಡೆಯಲಿ. ಕಟ್ಟಿಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು ಮಾತ್ರ ಎಲ್ಲಿಯೂ ಸಲ್ಲದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾದ ಬಳಿ ಮನೋರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯಮನೆಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಮನೋರೋಗಿಗಳು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ.

“ಎಲ್ಲಿಗೆ ಹೋಗಬೇಕು? ನಮ್ಮ ರೇಷನ್ ಕಾರ್ಡಿನಾಗ ಇನ್ನೂ ಹಳೇ ಊರದ.”

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಯಲ್ಲೂ ಇದೆ. ‘ಮನೋಚೈತನ್ಯ’ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಹೊರಡಿ, ಬಸ್ಸಿನ ಖರ್ಚು ಉಳಿಯುತ್ತದೆ. ಬಡತನ ರೇಖೆಗಿಂತ ಕೆಳಗಿನವರಿಗೆ, ಮನೆಯಿಲ್ಲದವರಿಗೆ, ಕಾರ್ಡು ಇರಲಿ ಬಿಡಲಿ, ಸರ್ಕಾರಿ ಮಾನಸಿಕ ಚಿಕಿತ್ಸೆ ಉಚಿತ ಎಂದು 2017ರ ಕಾಯ್ದೆಯ 18ನೆಯ ಕಲಮಿನಲ್ಲಿದೆ. ಕಾರ್ಡಿನ ವಿಳಾಸ ನೋಡಿ ಹಿಂದಕ್ಕೆ ಕಳಿಸಿದರೆ ಈ ಮಾತನ್ನು ಹೇಳಿ.

ಫೋನಿನಲ್ಲಾದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲಿರುಳೂ ಕನ್ನಡದಲ್ಲಿ ಉಚಿತವಾಗಿ ಸಿಗುತ್ತದೆ. ನಶೆಯ ವಿಷಯಕ್ಕೇ ಮೀಸಲಾದ ರಾಷ್ಟ್ರೀಯ ಸಹಾಯವಾಣಿ 14446.

“ಮನಸ್ಸಿನ ಗುಳಿಗಿಗೂ ಚಟ ಹತ್ತಂಗಿಲ್ಲೇನು?”

ಖಿನ್ನತೆಗೆ ಕೊಡುವ ಗುಳಿಗೆಗಳಿಗೆ ಚಟ ಹತ್ತುವುದಿಲ್ಲ. ಆದರೆ ಅವು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಸುಧಾರಿಸಿದ ಮೇಲೂ ಕೆಲವು ತಿಂಗಳು ಮುಂದುವರಿಸಿ ನಿಧಾನವಾಗಿ ನಿಲ್ಲಿಸಬೇಕು. ನಿದ್ದೆಗೆಂದು ಕೊಡುವ ಆಲ್ಪ್ರಜೋಲಂ ಜಾತಿಯ ಗುಳಿಗೆಗಳಿಗೆ ಮಾತ್ರ ಚಟ ಹತ್ತುತ್ತದೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಮತ್ತೆ ಮತ್ತೆ ಕೊಳ್ಳಬೇಡಿ. ಮದ್ಯದ ಜೊತೆ ಅವನ್ನು ನುಂಗಿದರೆ ಉಸಿರೇ ನಿಲ್ಲಬಹುದು.

ಕಠಿಣ ಪ್ರಶ್ನೆಗಳು

“ಕುಡದಾಗ ‘ನಾ ಇರಂಗಿಲ್ಲ’ ಅಂತಾನ. ಬಾಯಿ ಮಾತಂತ ಬಿಡಬೇಕೋ?”

ಬಿಡಬಾರದು. ಅಮಲಿನಲ್ಲಿ ವಿವೇಕ ಸಡಿಲವಾಗಿರುವುದರಿಂದ ಆ ಮಾತು ಕೃತಿಗಿಳಿಯುವುದು ಸುಲಭ. ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತದೇನು?’ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಆ ರಾತ್ರಿ ಒಂಟಿಯಾಗಿ ಬಿಡಬೇಡಿ, 14416ಕ್ಕೆ ಕರೆ ಮಾಡಿ, ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಕೆಲಸವಿದೆ. ಹಳೆಯ ಮನೆಯಲ್ಲಿ ತೊಗರಿಗೆ ಹೊಡೆಯುವ ಔಷಧಿ ದನದ ಕೊಟ್ಟಿಗೆಯಲ್ಲೋ ಹೊಲದ ಗುಡಿಸಲಿನಲ್ಲೋ ಇರುತ್ತಿತ್ತು; ಹೊಸ ಒಂದು ಕೋಣೆಯ ಮನೆಯಲ್ಲಿ ಅದು ಮಂಚದ ಕೆಳಗೆ ಬಂದು ಕುಳಿತಿದೆ. ಅದನ್ನು ಮನೆಯಿಂದ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಕೀಲಿಯನ್ನು ಬೇರೆಯವರ ಕೈಗೆ ಕೊಡಿ. ಸಾಯುವ ಯೋಚನೆಯ ತೀವ್ರತೆ ಬಹಳ ಸಲ ಕೆಲವು ತಾಸುಗಳಲ್ಲಿ ಇಳಿಯುತ್ತದೆ. ಆ ತಾಸುಗಳಲ್ಲಿ ಕೈಗೆ ಸಿಗದಂತೆ ಮಾಡಿದ್ದೇ ಅನೇಕರನ್ನು ಉಳಿಸಿದೆ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆ ರೀತಿ ರುಜುವಾತಾಗದ ಹೊರತು ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೆಯ ಕಲಮು ಹೇಳುತ್ತದೆ.

“ಗಾಂಜಾ ಸೇದ್ತಾನಂತ ದವಾಖಾನ್ಯಾಗ ಹೇಳಿದ್ರ ಪೊಲೀಸ್ರು ಬರ್ತಾರೇನ್ರಿ?”

ಚಿಕಿತ್ಸೆಗೆ ಹೋದವರನ್ನು ಹಿಡಿದುಕೊಡುವುದು ವೈದ್ಯರ ಕೆಲಸವಲ್ಲ. ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಮಾರಾಟಕ್ಕೆ ಈ ರಕ್ಷಣೆ ಇಲ್ಲ.

“ಎಂಟು ತಿಂಗಳು ಬಿಟ್ಟಿದ್ದ. ಹಳೇ ಊರಿನ ಜಾತ್ರಿಗೆ ಹೋದಾಗ ಮತ್ತ ಕುಡದ. ಎಲ್ಲಾ ನೀರಾಗ ಹೋತು.”

ಎಂಟು ತಿಂಗಳು ನೀರಿಗೆ ಹೋಗುವುದಿಲ್ಲ. ಆ ಅವಧಿಯಲ್ಲಿ ಯಕೃತ್ತು, ನಿದ್ದೆ, ಮನೆಯ ಲೆಕ್ಕ ಎಲ್ಲವೂ ಸುಧಾರಿಸಿವೆ. ಮತ್ತೆ ಜಾರುವುದು ಈ ಕಾಯಿಲೆಯ ಸ್ವಭಾವದಲ್ಲೇ ಇದೆ, ಸಕ್ಕರೆ ಕಾಯಿಲೆಯವರ ಸಕ್ಕರೆ ಏರಿದಂತೆ. ಜಾರಿದ ಜಾಗವನ್ನು ಗಮನಿಸಿ: ಹಳೆಯ ಊರು, ಹಳೆಯ ಗೆಳೆಯರು, ಮುಳುಗಿದ ಮನೆಯ ನೆನಪು. ಮುಂದಿನ ವರ್ಷ ಜಾತ್ರೆ ತಪ್ಪಿಸಬೇಕಿಲ್ಲ, ತಪ್ಪಿಸಿದರೆ ಆ ಕೊರಗೇ ಕುಡಿಸೀತು. ಮಡದಿ ಮಕ್ಕಳೊಡನೆ ಹಗಲಿಗೆ ಹೋಗಿ, ತೇರು ಎಳೆದ ಮೇಲೆ ಸಂಜೆಯ ಬಸ್ಸಿಗೆ ಮರಳುವಂತೆ ಮೊದಲೇ ಮಾತಾಡಿಕೊಳ್ಳಿ. ಒಂದು ದಿನ ಕುಡಿದದ್ದು ಎರಡನೆಯ ದಿನಕ್ಕೆ ಹೋಗುವ ಮೊದಲು ವೈದ್ಯರಿಗೆ ತೋರಿಸಿದರೆ ಸಾಕು.

“ನಾ ಆಶಾ ಕಾರ್ಯಕರ್ತೆ. ಹೊಸ ಕಾಲೊನ್ಯಾಗ ಹೋಗಿ ‘ಮಾನಸಿಕ ಆರೋಗ್ಯ’ ಅಂದ್ರ ಬಾಗ್ಲಾ ಹಾಕ್ಕೋತಾರ. ಹ್ಯಾಂಗ ಶುರು ಮಾಡ್ಲಿ?”

ಆ ಪದವನ್ನು ಫೈಲಿನಲ್ಲಿ ಬರೆಯಲು ಇಟ್ಟುಕೊಳ್ಳಿ. ಬಾಗಿಲಲ್ಲಿ ನೀರಿನ ಮಾತು, ಹಕ್ಕುಪತ್ರದ ಮಾತು, ಮಕ್ಕಳ ಶಾಲೆಯ ಮಾತು ಎತ್ತಿ. ಅಂಥ ಮಾತಿನ ನಡುವೆ ‘ಇಲ್ಲಿ ರಾತ್ರಿ ನಿದ್ದಿ ಹತ್ತತದೇನ್ ಅಕ್ಕಾ?’ ಎಂದು ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ. ಸಂಕಟದ ಹೊತ್ತಿನಲ್ಲಿ ಮನಸ್ಸಿಗೆ ಕೊಡುವ ಪ್ರಥಮ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ 2011ರ ಕೈಪಿಡಿಯಲ್ಲಿ ಹೇಳಿದ್ದು ಮೂರೇ ಹೆಜ್ಜೆ: ನೋಡುವುದು, ಕೇಳಿಸಿಕೊಳ್ಳುವುದು, ಬೇಕಾದ ಸಹಾಯದ ಜೊತೆ ಜೋಡಿಸುವುದು. ನಮ್ಮ ಕಡೆ ಮೂರನೆಯದೇ ಸಡಿಲ. ಫೋನ್ ನಂಬರ್ ಬರೆದುಕೊಟ್ಟು ಬಂದರೆ ಅವರು ಮಾಡುವುದಿಲ್ಲ. ಅವರ ಮುಂದೆಯೇ ಕರೆ ಹಚ್ಚಿ, ಸ್ಪೀಕರ್ ಹಾಕಿ, ಮೊದಲ ಮಾತು ನೀವೇ ಆಡಿ.

ಹೆಂಗಸರ ಗುಂಪು ರೊಟ್ಟಿಯ ಕೆಲಸ ಮುಗಿದ ಮಧ್ಯಾಹ್ನ ಸೇರುತ್ತದೆ. ಗಂಡಸರು ಸಭೆ ಎಂದರೆ ಬರುವುದಿಲ್ಲ, ಚಹಾದ ಅಂಗಡಿಯ ಬೆಂಚಿನ ಮೇಲೆ ಬೆಳಿಗ್ಗೆ ಏಳಕ್ಕೆ ಸಿಗುತ್ತಾರೆ, ಆಗ ಬಹುತೇಕರು ಕುಡಿದಿರುವುದಿಲ್ಲ. ಕುಡಿತ ಬಿಟ್ಟ ಒಬ್ಬ ಊರಿನವನನ್ನು ಜೊತೆಗೆ ಕರೆದುಕೊಂಡು ಹೋಗಿ. ನಾವು ಅರ್ಧ ತಾಸು ವಿವರಿಸುವುದನ್ನು ಅವನು ‘ನಂಗೂ ಮೂರನೇ ದಿನ ಗ್ವಾಡಿ ಮ್ಯಾಲ ಇರಿವಿ ಕಂಡಿದ್ವು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ, ಬೆಂಚಿನ ಆ ತುದಿಯಲ್ಲಿ ಕುಳಿತವನು ಬಸಿಯನ್ನು ಕೆಳಗಿಟ್ಟು ಇತ್ತ ತಿರುಗುತ್ತಾನೆ.